ಹಳೆಯ ದುಂಡು ತೊಟ್ಟಿಯ ಆರೈಕೆ

ಮನೆಯಲ್ಲಿ ಮೀನು ಸಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಬಳಿ ಇರುವುದು ಗಾಜಿನ ಚೌಕದ ತೊಟ್ಟಿ. ಐದು ಗಾಜು, ಮೂಲೆಗಳಲ್ಲಿ ಸಿಲಿಕಾನ್, ಮೇಲೊಂದು ಮುಚ್ಚಳ. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ನಾನು ಈ ಹೊತ್ತು ಹೇಳಹೊರಟಿರುವುದು ಬೇರೊಂದು ಬಗೆಯ ತೊಟ್ಟಿಯ ವಿಚಾರ. ಅಕ್ರಿಲಿಕ್‌ನಲ್ಲಿ ಮಾಡಿದ್ದು, ಚೌಕವಲ್ಲದ್ದು, ಮೂರು ನಾಲ್ಕು ದಶಕಗಳಷ್ಟು ಹಳೆಯದು. ನೆಟ್ಟಗೆ ನಿಲ್ಲುವ ದುಂಡು ತೊಟ್ಟಿ, ಆರು ಮುಖದ್ದು, ಅರ್ಧಗೋಳದ್ದು, ಟೀಪಾಯಿಯ ಒಳಗೇ ನೀರು ನಿಲ್ಲುವಂತೆ ಮಾಡಿದ್ದು, ಹೀಗೆ ನಾನಾ ರೂಪದವು. ಹೋಟೆಲಿನ ಸ್ವಾಗತ ಕೋಣೆಯಲ್ಲೋ ಉಳ್ಳವರ ಮನೆಯ ಹಜಾರದಲ್ಲೋ ಮೆರೆದ ಇಂಥ ತೊಟ್ಟಿಗಳು ಈಗ ಗುಜರಿ ಅಂಗಡಿಯಲ್ಲಿ, ಅಟ್ಟದ ಮೇಲೆ, ಇಲ್ಲವೇ ತಾರಸಿಯ ಮೂಲೆಯಲ್ಲಿ ಮಣ್ಣು ತುಂಬಿಸಿಕೊಂಡು ಕುಂಡವಾಗಿ ಕಾಣಸಿಗುತ್ತವೆ. ಆ ಗತಿ ಅವಕ್ಕೆ ಬರಬೇಕಾಗಿಲ್ಲ. ಅವು ಇನ್ನೂ ಬಹುಕಾಲ ಬಾಳಬಲ್ಲವು. ಗಾಜಿನ ತೊಟ್ಟಿಯ ರೀತಿನೀತಿಗಳನ್ನು ಅವುಗಳ ಮೇಲೆ ಹೇರಬಾರದು, ಅಷ್ಟೆ.

ನನ್ನ ಬಳಿ ಇರುವುದು ದುಂಡು ತೊಟ್ಟಿ. ಬೆಂಗಳೂರಿನ ಒಂದು ಹೋಟೆಲಿನಲ್ಲಿತ್ತು. ಹೋಟೆಲಿನ ಕಟ್ಟಡವನ್ನು ಹೊಸದು ಮಾಡುವಾಗ ಗುಜರಿಗೆ ಹೊರಟಿದ್ದು ನನ್ನ ಮನೆಗೆ ಬಂತು. ಅಡ್ಡಗಲ 45 ಸೆಂಟಿಮೀಟರ್, ಎತ್ತರ 90, ಗೋಡೆಯ ದಪ್ಪ 6 ಮಿಲಿಮೀಟರ್. ಈ ಅಳತೆಗಳನ್ನು ಬೇಕೆಂದೇ ಹೇಳುತ್ತಿದ್ದೇನೆ, ಮುಂದೆ ಲೆಕ್ಕಕ್ಕೆ ಬರುತ್ತವೆ.

ಮೊದಲು, ತೊಟ್ಟಿಗಳು ಹೆಚ್ಚಾಗಿ ಚೌಕವೇ ಆಗಿರುವುದೇಕೆ ಎಂದು ನೋಡೋಣ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆದದ್ದು 1853ರಲ್ಲಿ. ಅಂದಿನಿಂದ ಸುಮಾರು ನೂರು ವರ್ಷ ಮೀನಿನ ತೊಟ್ಟಿಯೆಂದರೆ ಕಬ್ಬಿಣದ ಚೌಕಟ್ಟು, ಅದಕ್ಕೆ ಕೂರಿಸಿದ ಗಾಜು, ಸಂದಿಗೆ ಮೆತ್ತಿದ ಪುಟ್ಟಿ. ಗಾಜಿಗೆ ಗಾಜನ್ನೇ ಅಂಟಿಸುವ ಸಿಲಿಕಾನ್ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಚೌಕಟ್ಟು ಹೋಯಿತು, ಚೌಕ ಉಳಿಯಿತು. ಗಾಜನ್ನು ಬಾಗಿಸಲು ದೊಡ್ಡ ಕುಲುಮೆ ಬೇಕು, ಬೆಲೆಯೂ ಹೆಚ್ಚು. ಅಕ್ರಿಲಿಕ್ ಹಾಗಲ್ಲ. ನೂರೈದು ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗಲು ಶುರುವಾಗುತ್ತದೆ, ನೂರೈವತ್ತರ ಆಸುಪಾಸಿನಲ್ಲಿ ಹೇಳಿದ ಹಾಗೆ ಬಾಗುತ್ತದೆ. ಜರ್ಮನಿಯಲ್ಲಿ ಓಟೋ ರೋಮ್ ಅವರ ಕಂಪನಿ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ಪರ್ಸ್‌ಪೆಕ್ಸ್ ಎಂಬ ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಇದರದೇ. 1960ರ ಜನವರಿಯಲ್ಲಿ ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಸಾಗರದ ಅತ್ಯಂತ ಆಳದ ಜಾಗಕ್ಕೆ ಇಳಿದ ಟ್ರಿಯೆಸ್ಟ್ ನೌಕೆಯ ಕಿಟಕಿಯೂ ಇದೇ ವಸ್ತುವಿನದು.

ಗುಣ ಹೇಳಬೇಕೆಂದರೆ ಇದು ಗಾಜಿನ ಅರ್ಧದಷ್ಟೂ ತೂಗುವುದಿಲ್ಲ. ನನ್ನ ತೊಟ್ಟಿಯ ಗೋಡೆ ಒಂಬತ್ತು ಕಿಲೋ ಇದೆ. ಅದೇ ದಪ್ಪದ ಗಾಜಾಗಿದ್ದರೆ ಹತ್ತೊಂಬತ್ತು ಕಿಲೋ ಆಗುತ್ತಿತ್ತು. ಬೆಳಕನ್ನು ನೂರಕ್ಕೆ 92ರಷ್ಟು ಬಿಡುತ್ತದೆ. ಶಾಖವನ್ನು ಗಾಜಿನ ಐದನೇ ಒಂದು ಪಾಲಿನಷ್ಟು ಮಾತ್ರ ಹಾಯಿಸುವುದರಿಂದ ಚಳಿಗಾಲದ ರಾತ್ರಿಯಲ್ಲಿ ನೀರು ಬೇಗ ತಣ್ಣಗಾಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಹಳದಿಯಾಗುತ್ತದೆ ಎಂಬ ಮಾತು ಅಕ್ರಿಲಿಕ್‌ಗೆ ಅಷ್ಟಾಗಿ ಸಲ್ಲದು. ಬಿಸಿಲಿಗೆ ಅದು ಚೆನ್ನಾಗಿ ತಡೆಯುತ್ತದೆ. ಗೋಡೆಯೇ ಹಳದಿಯಾಗಿರುವ ಹಳೆಯ ತೊಟ್ಟಿ ಕಂಡರೆ ಅದು ಬೇರಾವುದೋ ಪ್ಲಾಸ್ಟಿಕ್ ಇರಬಹುದೆಂದು ಅನುಮಾನಿಸಬೇಕು.

ದೋಷಗಳು ಎರಡು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಗೀರು. ಎರಡನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ, ಅದೇ ಹೆಚ್ಚು ಅಪಾಯದ್ದು. ಅಕ್ರಿಲಿಕ್ ನೀರು ಕುಡಿಯುತ್ತದೆ. ವರ್ಷಗಟ್ಟಲೆ ನೀರಿನಲ್ಲಿದ್ದರೆ ತನ್ನ ತೂಕದ ನೂರಕ್ಕೆ ಸುಮಾರು ಎರಡರಷ್ಟು ನೀರನ್ನು ಒಳಗೆಳೆದುಕೊಂಡು ಒಂದಿಷ್ಟು ಹಿಗ್ಗುತ್ತದೆ. ತೊಟ್ಟಿಯನ್ನು ದಿಢೀರನೆ ಖಾಲಿ ಮಾಡಿ ಬಿಸಿಲಿಗೋ ಫ್ಯಾನಿನ ಗಾಳಿಗೋ ಒಡ್ಡಿದರೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಭಾಗ ಹಿಗ್ಗಿಕೊಂಡೇ ಇರುತ್ತದೆ. ಆ ಎಳೆತಕ್ಕೆ ಮೇಲ್ಮೈ ಸೀಳಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಸ್ಪಿರಿಟ್ ತಾಗಿದರೂ, ಅಮೋನಿಯ ಇರುವ ಗಾಜು ಒರೆಸುವ ದ್ರಾವಣ ತಾಗಿದರೂ ಇದೇ ಪಾಡು.

ಈ ಬಿರುಕನ್ನು ಕಾಣುವುದಕ್ಕೆ ಒಂದು ವಿಧಾನವಿದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಓರೆಯಾಗಿ ಬೆಳಕು ಹಾಯಿಸಬೇಕು. ನೇರ ಬೆಳಕಿನಲ್ಲಿ ಸ್ವಚ್ಛವಾಗಿ ಕಂಡ ಜಾಗದಲ್ಲಿ ನೂರಾರು ಸಣ್ಣ ಗೆರೆಗಳು ಒಮ್ಮೆಲೇ ಬೆಳ್ಳಗೆ ಮಿನುಗುತ್ತವೆ. ಟಾರ್ಚನ್ನು ಎರಡು ಬೆರಳಿನಷ್ಟು ಸರಿಸಿದರೆ ಆ ಗೆರೆಗಳು ಮಾಯವಾಗಿ ಪಕ್ಕದವು ಹೊಳೆಯುತ್ತವೆ. ನನ್ನ ತೊಟ್ಟಿಯಲ್ಲಿ ಅಂಥವು ಬಾಯಿಯಂಚಿನ ಸುತ್ತ ಒಂದು ಅಂಗೈ ಅಗಲದಲ್ಲಿವೆ. ಅಲ್ಲಿ ನೀರಿನ ಒತ್ತಡ ಇಲ್ಲವೆಂದೇ ಹೇಳಬೇಕು, ಹಾಗಾಗಿ ಅವು ಇದ್ದುಕೊಂಡಿರಲಿ ಎಂದು ಬಿಟ್ಟಿದ್ದೇನೆ. ಇದೇ ಗೆರೆಗಳು ಬುಡದ ಜೋಡಣೆಯ ಬಳಿ ಇದ್ದಿದ್ದರೆ ತೊಟ್ಟಿಯನ್ನು ಮನೆಗೆ ತರುತ್ತಿರಲಿಲ್ಲ.

ಯಾಕೆಂದರೆ ದುಂಡು ತೊಟ್ಟಿಯ ಬಲ ಗೋಡೆಯಲ್ಲಿದೆ, ಬಲಹೀನತೆ ಬುಡದಲ್ಲಿದೆ. ಚಪ್ಪಟೆ ಗೋಡೆಯನ್ನು ನೀರು ಹೊರಕ್ಕೆ ಉಬ್ಬಿಸುತ್ತದೆ. ಆ ಕಾರಣಕ್ಕೇ ಆರು ಮುಖದ, ಎಂಟು ಮುಖದ ಅಕ್ರಿಲಿಕ್ ತೊಟ್ಟಿಗಳ ಬಾಯಿಗೆ ಒಳಮುಖವಾಗಿ ಒಂದು ಅಗಲವಾದ ಅಂಚುಪಟ್ಟಿ ಕೂರಿಸಿರುತ್ತಾರೆ. ಕೈ ಹಾಕಲು ಅಡ್ಡಿಯಾಗುತ್ತದೆಂದು ಅದನ್ನು ಕತ್ತರಿಸಿದವರುಂಟು. ದಯವಿಟ್ಟು ಹಾಗೆ ಮಾಡಬೇಡಿ, ಗೋಡೆಗಳನ್ನು ಹಿಡಿದಿಟ್ಟಿರುವುದು ಆ ಪಟ್ಟಿಯೇ. ದುಂಡು ಗೋಡೆಯಲ್ಲಿ ನೀರಿನ ಒತ್ತಡ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ನನ್ನ ತೊಟ್ಟಿಯ ಗೋಡೆಯ ಮೇಲೆ ಬೀಳುವ ಎಳೆತ ಅಕ್ರಿಲಿಕ್ ತಡೆದುಕೊಳ್ಳಬಲ್ಲದ್ದರ ನೂರನೇ ಒಂದು ಪಾಲಿಗೂ ಕಡಿಮೆ. ಗೋಡೆಯೂ ತಳದ ಹಲಗೆಯೂ ಕೂಡುವ ಆ ಒಂದು ಸುತ್ತು ಮಾತ್ರ ಯಾವಾಗಲೂ ಕಣ್ಣಿಟ್ಟು ನೋಡಬೇಕಾದ ಜಾಗ. ಒಳ್ಳೆಯ ಜೋಡಣೆ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿರುತ್ತದೆ. ಅದರಲ್ಲಿ ಗುಳ್ಳೆ ಕಂಡರೆ, ಬೆಳ್ಳಗೆ ಮಬ್ಬಾಗಿದ್ದರೆ, ಬೆಳ್ಳಿಯ ಹೊಳಪಿನ ಪಟ್ಟಿ ಕಂಡರೆ ಅಲ್ಲಿ ಹಿಡಿತ ಬಿಟ್ಟಿದೆ ಎಂದರ್ಥ.

ಹಾಗೆ ಬಿಟ್ಟಿದ್ದರೆ ಸಿಲಿಕಾನ್ ಬಳಿದು ಮುಚ್ಚಿಬಿಡೋಣ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ನಾಮಫಲಕಕ್ಕೆ ಅಕ್ರಿಲಿಕ್ ಅಕ್ಷರ ಕತ್ತರಿಸುವ ಒಬ್ಬ ಹಿರಿಯ ಕೆಲಸಗಾರರ ಬಳಿ ನಾನು ಈ ಮಾತೆತ್ತಿದಾಗ ಅವರು ತಲೆಯಾಡಿಸಿಬಿಟ್ಟರು. "ಬೇಡಿ ಸಾರ್. ಅದು ಗಾಜಿಗೆ ಹಿಡಿಯುತ್ತೆ, ಇದಕ್ಕೆ ಹಿಡಿಯಲ್ಲ. ಇವತ್ತು ನಿಂತಂಗೆ ಕಾಣುತ್ತೆ, ಆಮೇಲೆ ಉಗುರಲ್ಲಿ ಎಬ್ಬಿಸಿದ್ರೆ ಎದ್ದು ಬರುತ್ತೆ. ಇದು ಒಂದಕ್ಕೊಂದು ಕರಗಿ ಕೂಡ್ಕೋಬೇಕು," ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಅಕ್ರಿಲಿಕ್ ಜೋಡಿಸುವುದು ಅಂಟಿನಿಂದಲ್ಲ, ದ್ರಾವಕದಿಂದ. ನಮ್ಮ ಕಡೆಯ ಅಂಗಡಿಗಳಲ್ಲಿ ಕ್ಲೋರೋಫಾರ್ಮ್ ಬಳಸುತ್ತಾರೆ. ಅದು ಎರಡು ಅಂಚುಗಳನ್ನೂ ಕರಗಿಸುತ್ತದೆ, ಆವಿಯಾಗಿ ಹೋದ ಮೇಲೆ ಎರಡೂ ಒಂದೇ ತುಂಡಾಗಿರುತ್ತವೆ. ಹಳೆಯ ಜೋಡಣೆಗೆ ಇದನ್ನು ಮಾಡಬೇಕಾದರೆ ಸಂದಿ ಪೂರ್ತಿ ಒಣಗಿರಬೇಕು, ಪಾಚಿ ಕೊಳೆ ಏನೂ ಇರಕೂಡದು. ಸಂದಿ ಅಗಲವಾಗಿದ್ದರೆ ಅಕ್ರಿಲಿಕ್ ಚೂರುಗಳನ್ನೇ ದ್ರಾವಕದಲ್ಲಿ ಕರಗಿಸಿ ಮಾಡಿದ ಗಟ್ಟಿ ಪಾಕವನ್ನು ಒಳಮೂಲೆಯ ಸುತ್ತಲೂ ಎಳೆಯುತ್ತಾರೆ. ಕ್ಲೋರೋಫಾರ್ಮಿನ ಹಬೆ ಒಳ್ಳೆಯದಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ಆಡುವ ಆಟ ಅದಲ್ಲ. ಕೈಪಳಗಿದವರಿಂದಲೇ ಮಾಡಿಸಿ.

ಒಣಗುವಿಕೆಯ ಮಾತಿಗೆ ಮತ್ತೆ ಬರುತ್ತೇನೆ. ಬರ್ಲಿನ್ ನಗರದ ಒಂದು ಹೋಟೆಲಿನ ಹಜಾರದಲ್ಲಿ ಆಕ್ವಾಡೋಮ್ ಎಂಬ ದುಂಡು ಅಕ್ರಿಲಿಕ್ ತೊಟ್ಟಿ ಇತ್ತು. 2003ರಲ್ಲಿ ಕಟ್ಟಿದ್ದು. ನಾಲ್ಕೈದು ಮಹಡಿಯ ಎತ್ತರ, ಹತ್ತು ಲಕ್ಷ ಲೀಟರ್ ಸಮುದ್ರದ ನೀರು, ನಡುವೆ ಜನ ಏರಿ ಇಳಿಯುವ ಲಿಫ್ಟು. 2022ರ ಡಿಸೆಂಬರ್ 16ರ ಬೆಳಗಿನ ಜಾವ ಅದು ಏಕಾಏಕಿ ಸಿಡಿಯಿತು. ಇದ್ದ ಸುಮಾರು ಸಾವಿರದ ಐನೂರು ಮೀನುಗಳಲ್ಲಿ ಬಹುಪಾಲು ಸತ್ತವು. ಹಗಲು ಹೊತ್ತಾಗಿದ್ದರೆ ಮನುಷ್ಯರ ಗತಿ ಏನಾಗುತ್ತಿತ್ತೋ! ಪರಿಣತರು ಚೂರುಗಳನ್ನು ಜೋಡಿಸಿ ನೋಡಿದರೂ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಲಾಗಲಿಲ್ಲ. ಆದರೆ ಅವರು ಪರಿಗಣಿಸಿದ ಸಾಧ್ಯತೆಗಳಲ್ಲಿ ಜೋಡಣೆ ಬಿಟ್ಟದ್ದೂ ಇತ್ತು, ದುರಸ್ತಿಗೆಂದು ಖಾಲಿ ಬಿಟ್ಟಾಗ ಅಕ್ರಿಲಿಕ್ ಒಣಗಿದ್ದೂ ಇತ್ತು. ನಮ್ಮ ಮನೆಯ ತೊಟ್ಟಿ ಅದರ ಮುಂದೆ ಏನೂ ಅಲ್ಲ. ವಸ್ತು ಮಾತ್ರ ಅದೇ. ತುಂಬಿದ ಹಳೆಯ ತೊಟ್ಟಿಯನ್ನು ತುಂಬಿಯೇ ಇಡಿ. ಖಾಲಿ ಮಾಡಲೇಬೇಕಾದರೆ ಕೆಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ನಿಧಾನವಾಗಿ ಆರಲು ಬಿಡಿ. ಬಹುಕಾಲ ಖಾಲಿ ಇದ್ದದ್ದನ್ನು ತುಂಬುವಾಗಲೂ ಅದೇ ತಾಳ್ಮೆ ಬೇಕು.

ಇಡುವ ಜಾಗದ ಬಗ್ಗೆ ಎರಡು ಮಾತು. ನನ್ನ ತೊಟ್ಟಿಗೆ 143 ಲೀಟರ್ ನೀರು ಹಿಡಿಯುತ್ತದೆ. ಕಲ್ಲುಹರಳು ಸೇರಿ 160 ಕಿಲೋಗೂ ಹೆಚ್ಚಿನ ಭಾರ, ಅದೆಲ್ಲ ಒಂದೂಮುಕ್ಕಾಲು ಚದರ ಅಡಿಯ ಮೇಲೆ. ಮಹಡಿಯ ಮನೆಯಾದರೆ ಕೋಣೆಯ ನಡುವೆ ಬೇಡ, ಗೋಡೆಯ ಬದಿಗಿರಲಿ. ಅಕ್ರಿಲಿಕ್ ತಳ ಬಾಗುವ ಸ್ವಭಾವದ್ದು, ಆದ್ದರಿಂದ ಬರೀ ಅಂಚಿಗೆ ಆಸರೆ ಕೊಟ್ಟರೆ ಸಾಲದು. ದಪ್ಪ ಪ್ಲೈವುಡ್ಡಿನ ಮೇಲೆ ತಳ ಪೂರ್ತಿ ಕೂರಬೇಕು, ನಡುವೆ ಒಂದು ತೆಳು ಫೋಮ್ ಹಾಳೆ ಇರಲಿ. ರಸಮಟ್ಟ ಇಟ್ಟು ಎರಡು ದಿಕ್ಕಿಗೂ ನೋಡಿ. ಬಿಸಿಲು ಬೀಳುವ ಕಿಟಕಿಯ ಬಳಿ ದುಂಡು ತೊಟ್ಟಿ ಇಡಲೇಕೂಡದು. ದುಂಡಾಗಿ ನಿಂತ ನೀರು ಬಿಸಿಲನ್ನು ಒಂದು ಗೆರೆಗೆ ಕೂಡಿಸುತ್ತದೆ, ಹಿಂದಿರುವ ಪರದೆ ಹೊತ್ತಿಕೊಳ್ಳಬಹುದು.

ಈಗ ಮೀನಿನ ವಿಚಾರ. ನನ್ನ ಪಾಲಿಗೆ ಈ ಭಾಷಣದ ಮುಖ್ಯ ಮಾತು ಇದೇ. ಆಕಾರಕ್ಕೆ ಮರುಳಾಗಿ ತೊಟ್ಟಿ ತರುತ್ತೇವೆ, ಆದರೆ ಆ ಆಕಾರದಲ್ಲಿ ಬಾಳುವುದು ಮೀನು. 90 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ಸಾಮಾನ್ಯ ಗಾಜಿನ ತೊಟ್ಟಿಯನ್ನು ತೆಗೆದುಕೊಳ್ಳಿ. ಅದರಲ್ಲೂ 144 ಲೀಟರ್ ನೀರೇ ಹಿಡಿಯುವುದು. ಆದರೆ ಗಾಳಿಗೆ ತೆರೆದುಕೊಂಡ ನೀರಿನ ಮೇಲ್ಮೈ ಅದರಲ್ಲಿ 3,600 ಚದರ ಸೆಂಟಿಮೀಟರ್, ನನ್ನ ದುಂಡು ತೊಟ್ಟಿಯಲ್ಲಿ ಸುಮಾರು 1,590. ಆಮ್ಲಜನಕ ನೀರಿಗೆ ಸೇರುವುದು ಮೇಲ್ಮೈಯಿಂದ. ನೀರು ಅಷ್ಟೇ ಇದ್ದರೂ ಉಸಿರಾಟದ ಕಿಟಕಿ ಅರ್ಧಕ್ಕಿಂತ ಕಿರಿದು. 143 ಲೀಟರಿಗೆ ಇಷ್ಟು ಮೀನು ಎಂದು ಅಂಗಡಿಯವರು ಹೇಳುವ ಲೆಕ್ಕ ಇಲ್ಲಿ ನಡೆಯದು. ಅರ್ಧಕ್ಕೆ ನಿಲ್ಲಿಸಬೇಕು.

ಈಜಾಟದ ಜಾಗ ಇನ್ನೂ ಕಡಿಮೆ. ಅಡ್ಡಗಲ ಒಂದೂವರೆ ಅಡಿ, ಅಷ್ಟೇ. ಜೀಬ್ರಾ ಡೇನಿಯೋ ಎಂಬ ಪಟ್ಟೆಪಟ್ಟೆಯ ಪುಟ್ಟ ಮೀನು, ಬಾರ್ಬ್ ಜಾತಿಯವು, ಇವೆಲ್ಲ ಉದ್ದಕ್ಕೆ ಓಡುವ ಮೀನುಗಳು. ನಮ್ಮ ಪಶ್ಚಿಮ ಘಟ್ಟದ, ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಮಿಸ್ ಕೇರಳ ಮೀನಂತೂ ರಭಸದ ನೀರಿನಲ್ಲಿ ಗುಂಪುಕಟ್ಟಿಕೊಂಡು ಸಾಗುವಂಥದ್ದು. ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಅದನ್ನು ತಂದು ಒಂದೂವರೆ ಅಡಿಯಲ್ಲಿ ಸುತ್ತಿಸುವುದು ನನ್ನ ಮಟ್ಟಿಗೆ ಕ್ರೌರ್ಯ. ಗೋಲ್ಡ್ ಫಿಶ್ಶೂ ಬೇಡ. ಅದು ದೊಡ್ಡದಾಗಿ ಬೆಳೆಯುತ್ತದೆ, ನೀರು ಬೇಗ ಕೆಡಿಸುತ್ತದೆ, ಆಮ್ಲಜನಕವೂ ಹೆಚ್ಚು ಬೇಕು. ದುಂಡು ಬಟ್ಟಲೆಂದರೆ ಗೋಲ್ಡ್ ಫಿಶ್ ಎಂದು ಸಿನಿಮಾಗಳು ಮೂಡಿಸಿದ ಚಿತ್ರ ನಮ್ಮ ಮನಸ್ಸಿನಿಂದ ಹೋಗುವುದು ಒಳ್ಳೆಯದು.

ಎತ್ತರದ ನೀರಿಗೆಂದೇ ಮೈ ಪಡೆದ ಮೀನು ಏಂಜೆಲ್. ಅಮೆಜಾನ್ ಸೀಮೆಯದು. ಬೆನ್ನಿನ ರೆಕ್ಕೆ ಮೇಲಕ್ಕೆ, ಹೊಟ್ಟೆಯ ರೆಕ್ಕೆ ಕೆಳಕ್ಕೆ ಚಾಚಿಕೊಂಡಾಗ ಉದ್ದಕ್ಕಿಂತ ಎತ್ತರವೇ ಹೆಚ್ಚು. ನಿಧಾನವಾಗಿ ತೇಲುತ್ತದೆ, ಓಡುವ ಗೊಡವೆ ಇಲ್ಲ. ಇನ್ನೊಂದು ಗೌರಾಮಿ ಜಾತಿ. ಇವುಗಳ ತಲೆಯಲ್ಲಿ ಗಾಳಿಯನ್ನೇ ನೇರವಾಗಿ ಉಸಿರಾಡುವ ಒಂದು ಅಂಗವಿದೆ. ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತವೆ. ಕಿರಿದಾದ ಮೇಲ್ಮೈ ಇವಕ್ಕೆ ಅಷ್ಟು ತೊಂದರೆಯಲ್ಲ. ನನ್ನ ತೊಟ್ಟಿಯಲ್ಲಿರುವುದು ಒಂದು ಜೋಡಿ ಏಂಜೆಲ್, ಜೊತೆಗೆ ಕೆಲವು ಪರ್ಲ್ ಗೌರಾಮಿ. ಇನ್ನೂ ಹಾಕಿ ಎಂದು ಬಂದವರೆಲ್ಲ ಹೇಳುತ್ತಾರೆ. ಹಾಕುವುದಿಲ್ಲ. ಪಾಚಿ ತಿನ್ನಲಿ ಎಂದು ಸಕ್ಕರ್ ಮೀನು ತರುವವರಿಗೂ ಒಂದು ಮಾತು. ಮರ ಕೆರೆದು ತಿನ್ನುವ ದೊಡ್ಡ ಸಕ್ಕರ್ ಜಾತಿಗಳ ಹಲ್ಲು ಅಕ್ರಿಲಿಕ್ ಮೇಲೂ ಗುರುತು ಬಿಡುತ್ತದೆ. ಬೆಳೆದು ದೊಡ್ಡದಾದ ಮೇಲೆ ಅದನ್ನು ಕೆರೆಗೆ ಬಿಟ್ಟರಂತೂ ಅಲ್ಲಿನ ಮೀನುಗಳಿಗೆ ಕಂಟಕ.

ಗಾಳಿಯ ಪಂಪಿನ ಬಗ್ಗೆ ಹೇಳಿಬಿಡುತ್ತೇನೆ. ಒಂದೂವರೆ ಅಡಿ ನೀರಿಗೆ ಮಾಡಿದ ಸಣ್ಣ ಪಂಪು ಮೂರು ಅಡಿ ಆಳಕ್ಕೆ ಗಾಳಿ ತಳ್ಳಲಾರದೆ ಏದುಸಿರು ಬಿಡುತ್ತದೆ. ಆಳಕ್ಕೆ ತಕ್ಕ ಪಂಪು ಕೊಳ್ಳಿ. ಸ್ಪಾಂಜ್ ಫಿಲ್ಟರನ್ನು ತಳದಲ್ಲಿ ಇಟ್ಟರೆ ಗುಳ್ಳೆಗಳ ಜೊತೆ ತಳದ ನೀರೂ ಮೇಲೇರಿ ಗಾಳಿ ಕಾಣುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ಹಿಮ್ಮುಖ ತಡೆಯುವ ವಾಲ್ವ್ ಹಾಕಬೇಕು. ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿಗೂ ನೆಲಕ್ಕೂ ಬರುವುದು ಇದರಿಂದ ತಪ್ಪುತ್ತದೆ. ಹೀಟರ್ ಇದ್ದರೆ ಅದು ಗೋಡೆಗೆ ತಾಗದಿರಲಿ. ನೀರು ಬದಲಿಸುವುದು ಮಾತ್ರ ಎತ್ತರದ ತೊಟ್ಟಿಯಲ್ಲಿ ಬಲು ಸುಲಭ. ಕೊಳವೆ ಇಳಿಬಿಟ್ಟರೆ ತಳದ ಕಸ ತಾನಾಗಿ ಎಳೆದುಕೊಂಡು ಬರುತ್ತದೆ. ವಾರಕ್ಕೆ ಕಾಲುಭಾಗ ತೆಗೆದು, ಅಷ್ಟೇ ಹೊಸ ನೀರು ಹಾಕಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೀಟಿನಲ್ಲಿ ಬಿಡಿ, ಅಥವಾ ಹೈಪೋ ಹರಳು ಕರಗಿಸಿ ಹಾಕಿ.

ಇನ್ನು ಒರೆಸುವುದು. ಪಾತ್ರೆ ಉಜ್ಜುವ ಹಸಿರು ನಾರು ಈ ತೊಟ್ಟಿಯ ಹತ್ತಿರ ಸುಳಿಯಬಾರದು. ಬ್ಲೇಡೂ ಬೇಡ. ಒಳಗಿನ ಪಾಚಿಗೆ ಫಿಲ್ಟರಿಗೆ ಹಾಕುವ ಬಿಳಿ ವುಲ್ ಸಾಕು, ಗಟ್ಟಿ ಹಿಡಿದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ. ಮೂರು ಅಡಿ ಆಳಕ್ಕೆ ನಮ್ಮ ಕೈ ಎಟುಕುವುದಿಲ್ಲವಾದ್ದರಿಂದ ಉದ್ದನೆಯ ಪ್ಲಾಸ್ಟಿಕ್ ಕೋಲಿಗೆ ವುಲ್ ಕಟ್ಟಿಕೊಳ್ಳಬೇಕು. ಆಯಸ್ಕಾಂತದ ಒರಸು ಬಳಸುವವರು ಅದನ್ನು ಹರಳಿನಿಂದ ಒಂದು ಗೇಣು ಮೇಲೆಯೇ ನಿಲ್ಲಿಸಿ. ಒಂದೇ ಒಂದು ಮರಳಿನ ಕಣ ಅದರಡಿ ಸಿಕ್ಕಿಕೊಂಡರೆ ಸುತ್ತ ಎಳೆದಷ್ಟೂ ಗೀರು. ಹೊರಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಬೇಡಿ. ಅಕ್ರಿಲಿಕ್ ಧೂಳನ್ನು ಮೈಗೆ ಎಳೆದುಕೊಳ್ಳುತ್ತದೆ, ಒಣಬಟ್ಟೆ ಆ ಧೂಳಿನಿಂದಲೇ ಅದನ್ನು ಉಜ್ಜುತ್ತದೆ. ಹಳೆಯ ಹತ್ತಿ ಬನಿಯನ್ನನ್ನು ನೀರಲ್ಲಿ ಅದ್ದಿ ಒರೆಸಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನಿಗರ್ ಸಾಕು.

ಗೀರು ಬಿದ್ದರೆ ಎದೆಗುಂದಬೇಕಾಗಿಲ್ಲ. ಗಾಜಿನ ಗೀರು ಹೋಗುವುದು ಕಷ್ಟ, ಅಕ್ರಿಲಿಕ್ ಗೀರು ಹೋಗುತ್ತದೆ. 800ರ ವಾಟರ್ ಪೇಪರ್, ಆಮೇಲೆ 1000, 1500, 2000, ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಪ್ರತಿ ಸಲವೂ ಹಿಂದಿನ ದಿಕ್ಕಿಗೆ ಅಡ್ಡಲಾಗಿ ಉಜ್ಜಬೇಕು, ಹಿಂದಿನ ಗೆರೆಗಳು ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬಾರದು, ಕಾಗದ ಸದಾ ಒದ್ದೆಯಾಗಿರಬೇಕು. ಬಾಗಿದ ಗೋಡೆಗೆ ಕಾಗದದ ಹಿಂದೆ ಮೆತ್ತನೆಯ ಸ್ಪಾಂಜು ಹಿಡಿಯಿರಿ, ಮರದ ತುಂಡು ಹಿಡಿದರೆ ಚಪ್ಪಟೆ ಪಟ್ಟೆಗಳು ಬೀಳುತ್ತವೆ. ಮಷೀನು ಹಚ್ಚಿ ಬಿಸಿಮಾಡಬೇಡಿ. ಹೊರಗೋಡೆಯನ್ನು ಮೊದಲು ಮಾಡಿ. ಒಳಗಿನ ಸಣ್ಣ ಗೀರುಗಳಲ್ಲಿ ನೀರು ತುಂಬಿಕೊಳ್ಳುತ್ತದೆ, ನೀರೂ ಅಕ್ರಿಲಿಕ್ಕೂ ಬೆಳಕನ್ನು ಬಾಗಿಸುವ ಪ್ರಮಾಣ ಹತ್ತಿರ ಹತ್ತಿರ ಇರುವುದರಿಂದ ತೊಟ್ಟಿ ತುಂಬಿದ ಮೇಲೆ ಅವು ಕಣ್ಣಿಗೆ ಬೀಳುವುದೇ ಇಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ದುಡಿಮೆ ಉಳಿಯುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳಬಹುದು. ಸಂಜೆ ದೀಪ ಹಾಕಿ ಈ ತೊಟ್ಟಿಯ ಮುಂದೆ ಕೂತವರು ಆ ಪ್ರಶ್ನೆ ಕೇಳುವುದಿಲ್ಲ. ಏಂಜೆಲ್ ಮೀನು ಎದುರಿನ ಗೋಡೆಯ ಬಳಿ ಇದ್ದಾಗ ತನ್ನ ನಿಜವಾದ ಅಗಲದಲ್ಲಿ ಕಾಣುತ್ತದೆ. ತೊಟ್ಟಿಯ ನಡುವಿಗೆ ಸರಿದರೆ ಮೂರನೇ ಒಂದು ಪಾಲು ಹಿಗ್ಗುತ್ತದೆ. ಹಿಂಗೋಡೆಗೆ ಹೋದರೆ ಹೆಚ್ಚುಕಡಿಮೆ ಎರಡರಷ್ಟು ಅಗಲ. ಎತ್ತರ ಮಾತ್ರ ಅಷ್ಟೇ ಇರುತ್ತದೆ. ದೂರ ಹೋದಂತೆ ದೊಡ್ಡದಾಗುವ ಮೀನು! ನೀರು ತುಂಬಿದ ದುಂಡು ಗೋಡೆ ತಾನೇ ಒಂದು ಮಸೂರವಾಗಿರುವುದರಿಂದ ಹೀಗೆ. ಚೌಕದ ಗಾಜಿನ ತೊಟ್ಟಿ ಎಷ್ಟೇ ದೊಡ್ಡದಿದ್ದರೂ ಇದನ್ನು ತೋರಿಸಲಾರದು. ನೆರೆಮನೆಯ ಮಕ್ಕಳು ತೊಟ್ಟಿಯ ಸುತ್ತ ನಡೆಯುತ್ತ, ಒಂದೇ ಮೀನನ್ನು ಬೇರೆ ಬೇರೆ ಅಗಲದಲ್ಲಿ ನೋಡುತ್ತ ಹೊತ್ತು ಕಳೆಯುವುದನ್ನು ಕಂಡಿದ್ದೇನೆ.

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ 2021ರಲ್ಲಿ ಅಕ್ರಿಲಿಕ್ ಸುರಂಗದ ಮೀನುಮನೆ ತೆರೆದಾಗ, ತಲೆಯ ಮೇಲೆ ಮೀನು ಹಾಯುವುದನ್ನು ನೋಡಲು ಜನ ಟಿಕೆಟ್ ಕೊಂಡು ಹೋದರು. ಅದೇ ವಸ್ತುವಿನ ಹಳೆಯ ತೊಟ್ಟಿ ನಿಮ್ಮ ಬಂಧುಗಳ ಅಟ್ಟದಲ್ಲೋ ಊರಿನ ಗುಜರಿಯಲ್ಲೋ ಬಿದ್ದಿರಬಹುದು. ಸಿಕ್ಕರೆ ಬಿಡಬೇಡಿ. ಮೊದಲು ಟಾರ್ಚ್ ಹಿಡಿದು ಬುಡದ ಜೋಡಣೆ ನೋಡಿ. ಸರಿಯಿದ್ದರೆ ಬಚ್ಚಲಿನಲ್ಲೋ ಅಂಗಳದಲ್ಲೋ ಸಮತಟ್ಟಾದ ಹಲಗೆಯ ಮೇಲೆ ಇಟ್ಟು, ಸುತ್ತ ಒಣ ಪತ್ರಿಕೆ ಹಾಸಿ, ಕಾಲುಭಾಗ ನೀರು ಹಾಕಿ ಒಂದು ದಿನ ಬಿಡಿ. ಮರುದಿನ ಅರ್ಧ, ಅದರ ಮರುದಿನ ಪೂರ್ತಿ. ತುಂಬಿದ ಮೇಲೆ ಒಂದು ವಾರ ಪತ್ರಿಕೆಯ ಮೇಲೆ ಒಂದು ಹನಿ ಗುರುತೂ ಬೀಳದಿದ್ದರೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ತೊಟ್ಟಿಯನ್ನು ಅದರ ಜಾಗಕ್ಕೆ ತಂದು, ಮತ್ತೆ ತುಂಬಿಸಿ ಫಿಲ್ಟರ್ ಹಚ್ಚಿ. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಅಷ್ಟು ದಿನ ಕಾಯಿರಿ. ಮೀನು ತರಲು ಅಂಗಡಿಗೆ ಹೋಗುವುದು ಅದಾದ ಮೇಲೆ.